‘ಆತ್ರಿ’ ಅಂದರೆ ಏನಾಯ್ತು? ಕೆಲಸದ ಜಾಗದ ಮಾತು, ಬರವಣಿಗೆ ಕಲಿಯುವ ದಾರಿ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ (ಲೋಹದ ಎರಕ ಹೊಯ್ಯುವ ಕಾರ್ಖಾನೆ) ಡಿಸ್ಪ್ಯಾಚ್ ವಿಭಾಗಕ್ಕೆ, ಅಂದರೆ ಮಾಲು ಕಳಿಸುವ ವಿಭಾಗಕ್ಕೆ, ನಾನು ಸೇರಿದ ಹೊಸತು. ಒಂದು ಸಂಜೆ ಮ್ಯಾನೇಜರ್ ಫೋನ್ ಮಾಡಿ, ‘ಪುಣೆ ಮಾಲು ಇವತ್ತ ಹೋಗಬೇಕ ನೋಡ್ರಿ’ ಅಂದರು. ನಾನು ‘ಆತ್ರಿ ಸರ’ ಅಂದೆ. ‘ಸರಿ, ಕಳಿಸುವ ವ್ಯವಸ್ಥೆ ಮಾಡುತ್ತೇನೆ’ ಅಂತ ನನ್ನ ಅರ್ಥ. ಅವರಿಗೆ ಕೇಳಿಸಿದ್ದು ‘ಆಯ್ತು, ಹೋಗಿದೆ’ ಅಂತ. ಅವರು ಪುಣೆಯವರಿಗೆ ಮಾಲು ಹೊರಟಿದೆ ಎಂದು ತಿಳಿಸಿಬಿಟ್ಟರು. ಆ ಹೊತ್ತಿಗೆ ಪೆಟ್ಟಿಗೆಗಳಿಗೆ ಮೊಳೆ ಕೂಡ ಹೊಡೆದಿರಲಿಲ್ಲ. ಮರುದಿನ ಗಿರಾಕಿಯ ಕಡೆಯಿಂದ ಬಂದ ಫೋನಿನಲ್ಲಿ ಮ್ಯಾನೇಜರ್ ತಲೆ ತಗ್ಗಿಸಬೇಕಾಯಿತು. ನಾವಿಬ್ಬರೂ ಕನ್ನಡದವರು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಇಂಗ್ಲಿಷ್ ಕೂಡ ನಡುವೆ ಇರಲಿಲ್ಲ.

ಈಗ ನಾನು ಬಾಗಲಕೋಟೆಯ ನವನಗರದಲ್ಲಿದ್ದೇನೆ. ಭಾನುವಾರ ಡಿಪ್ಲೊಮಾ, ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಮನೆಗೆ ಬರುತ್ತಾರೆ, ಇಂಟರ್‌ವ್ಯೂ ತಯಾರಿಗೆ. ‘ನಮಗ ಇಂಗ್ಲಿಷ್ ಬರೂದಿಲ್ರಿ, ಅದಕ್ಕ ನೌಕರಿ ಸಿಗವಲ್ದು’ ಎಂದು ಹತ್ತರಲ್ಲಿ ಒಂಬತ್ತು ಮಂದಿ ಹೇಳುತ್ತಾರೆ. ನಾನು ಮೊದಲ ವಾರ ಇಂಗ್ಲಿಷ್ ಮುಟ್ಟುವುದೇ ಇಲ್ಲ. ಯಾರಿಗೆ, ಏನು, ಯಾವಾಗ ಎಂದು ಕನ್ನಡದಲ್ಲಿ ಜೋಡಿಸಲು ಬಾರದ ಮಾತು ಇಂಗ್ಲಿಷಿನಲ್ಲೂ ಜೋಡಣೆ ಆಗುವುದಿಲ್ಲ. ಅವರ ಜೊತೆ ನಾನು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಬಾಯಿ ತೆರೆಯುವ ಮೊದಲು ಮೂರು ಪ್ರಶ್ನೆ

ಯಾರಿಗೆ ಹೇಳುತ್ತಿದ್ದೇನೆ? ಕೇಳಿದ ಮೇಲೆ ಅವರು ಏನು ಮಾಡಬೇಕು? ಎಷ್ಟರೊಳಗೆ ಮಾಡಬೇಕು? ಇವಿಷ್ಟಕ್ಕೆ ಮನಸ್ಸಿನಲ್ಲಿ ಉತ್ತರ ಸಿಕ್ಕ ಮೇಲೆ ಮಾತಾಡಿ. ಸಿಗದಿದ್ದರೆ ಅರ್ಧ ನಿಮಿಷ ತಡೆಯಿರಿ.

ಒಂದು ಉದಾಹರಣೆ ನೋಡಿ. ಕಾರ್ಖಾನೆಯಲ್ಲಿ ಒಂದು ಮಷಿನ್ ನಿಂತಿದೆ. ಸುದ್ದಿ ಒಂದೇ, ಕೇಳುವವರು ಮೂವರು.

ಮೆಂಟೆನೆನ್ಸ್‌ನವರಿಗೆ: ‘2ನೇ ಮಷಿನ್‌ನ ಕೂಲಂಟ್ ಪಂಪ್ 11 ಗಂಟೆಗೆ ನಿಂತಿದೆ. ಸುಟ್ಟ ವಾಸನೆ ಬರುತ್ತಿದೆ. ಈಗಲೇ ಬನ್ನಿ.’

ಮ್ಯಾನೇಜರ್‌ಗೆ: ‘ಇವತ್ತಿನ 200 ಪೀಸ್‌ನಲ್ಲಿ 120 ಆಗಿವೆ, ಮಷಿನ್ ನಿಂತಿದೆ. ಉಳಿದ 80ನ್ನು ಎರಡನೇ ಶಿಫ್ಟ್‌ನಲ್ಲಿ ಮುಗಿಸಲು ಒಬ್ಬ ಆಪರೇಟರ್ ಬೇಕು. 3 ಗಂಟೆಯೊಳಗೆ ತಿಳಿಸಿ.’

ಗಿರಾಕಿಗೆ: ‘ನಿಮ್ಮ 200 ಪೀಸ್ ಇವತ್ತು ಸಂಜೆಯ ಬದಲು ನಾಳೆ ಮಧ್ಯಾಹ್ನ 12ಕ್ಕೆ ಹೊರಡುತ್ತವೆ.’

ಗಿರಾಕಿಗೆ ಪಂಪಿನ ಕಥೆ ಬೇಕಿಲ್ಲ. ಮೆಂಟೆನೆನ್ಸ್‌ನವರಿಗೆ 80 ಪೀಸಿನ ಲೆಕ್ಕ ಬೇಕಿಲ್ಲ. ಮೂವರಿಗೂ ಒಂದೇ ಕಥೆಯನ್ನು ಮೊದಲಿನಿಂದ ಹೇಳುವುದೇ ನಮ್ಮ ದೊಡ್ಡ ಚಾಳಿ. ‘ಏನಾತಂದ್ರ ಸರ, ಮುಂಜಾನೆ ನಾ ಬಂದ್ನಿ, ಚಾ ಕುಡದ ಮಷಿನ್ ಚಾಲು ಮಾಡಿದ್ನಿ...’ ಎಂದು ಶುರುವಾದರೆ ಕೇಳುವವರ ತಾಳ್ಮೆ ಚಹಾದ ಹತ್ತಿರವೇ ಮುಗಿದಿರುತ್ತದೆ. ಕಟ್ಟೆಯ ಮೇಲೆ ಕೂತಾಗ ಕಥೆ ಹೀಗೇ ಇರಬೇಕು, ಅದರ ರುಚಿಯೇ ಅದು. ಕೆಲಸದಲ್ಲಿ ಕೊನೆಯ ಮಾತನ್ನು ಮೊದಲು ಹೇಳಿ. ಕಾರಣ ಕೇಳಿದರೆ ಆಮೇಲೆ ಹೇಳಿ.

ಹೆಜ್ಜೆ 2: ಕೇಳಿದ್ದನ್ನು ತಿರುಗಿ ಹೇಳಿ

‘ಆತ್ರಿ’ಗೆ ಕನಿಷ್ಠ ಮೂರು ಅರ್ಥ ಇವೆ. ಕೇಳಿಸಿತು, ಒಪ್ಪಿದೆ, ಮುಗಿಯಿತು. ಈ ಮಾತನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಇಷ್ಟು ಮೃದುವಾದ ಒಪ್ಪಿಗೆಯ ಮಾತು ನಮಗೆ ಬೇರೆ ಎಲ್ಲಿದೆ? ಅದರ ಹಿಂದೆ ಒಂದು ಬಾಲ ಸೇರಿಸಿ, ಸಾಕು. ‘ಆತ್ರಿ ಸರ, ಇವತ್ತ ಪ್ಯಾಕ್ ಮಾಡಿ ನಾಳೆ ಮುಂಜಾನೆ 10ಕ್ಕ ಲಾರಿ ಬಿಡತೀನಿ.’ ಅಂದು ನಾನು ಈ ಬಾಲ ಸೇರಿಸಿದ್ದರೆ ಮ್ಯಾನೇಜರ್ ಅಲ್ಲೇ, ‘ನಾಳೆ ಅಲ್ಲ, ಇವತ್ತ’ ಎಂದು ತಡೆಯುತ್ತಿದ್ದರು.

‘ನೋಡೋಣ್ರಿ’ ಕೂಡ ಹಾಗೇ. ಮುಖದ ಮೇಲೆ ಇಲ್ಲ ಅನ್ನಲು ಸಂಕೋಚವಾದಾಗ ನಾವು ‘ನೋಡೋಣ್ರಿ’ ಅಂತೇವೆ. ಊರವರಿಗೆ ಅದು ಇಲ್ಲ ಎಂದೇ ತಿಳಿಯುತ್ತದೆ. ಹೊರಗಿನವರು ಹೌದು ಎಂದುಕೊಂಡು ಕಾಯುತ್ತಾರೆ. ಆಗುವುದಿಲ್ಲ ಎಂದಾದರೆ ಹೀಗೆ ಹೇಳಿ ನೋಡಿ: ‘ಈ ವಾರ ಆಗೂದಿಲ್ರಿ, ಮುಂದಿನ ಬುಧವಾರ ಕೊಡತೀನಿ. ನಡೀತದೇನ್ರಿ?’ ಇದರಲ್ಲಿ ಇಲ್ಲ ಅನ್ನುವುದೂ ಇದೆ, ದಾರಿಯೂ ಇದೆ. ಕೇಳಿದವರಿಗೆ ಸಿಟ್ಟು ಬರುವುದು ಕಡಿಮೆ.

ಹೊತ್ತಿನ ಮಾತುಗಳಲ್ಲೂ ಹುಷಾರು. ‘ಬರೋ ಸೋಮವಾರ’ ಎಂದು ಶನಿವಾರ ಹೇಳಿದರೆ ನಾಡಿದ್ದೋ, ಅದರ ಮುಂದಿನದೋ? ‘ಒಂದ್ ತಾಸಿನ್ಯಾಗ’ ಅಂದರೆ ಕೆಲವರಿಗೆ 60 ನಿಮಿಷ, ಕೆಲವರಿಗೆ ಮಧ್ಯಾಹ್ನದವರೆಗೆ ಯಾವಾಗಲಾದರೂ. ತಾರೀಖು ಹೇಳಿ, ಗಂಟೆ ಹೇಳಿ.

ಹೆಜ್ಜೆ 3: ನಮ್ಮ ಮಾತು ಬಿಡಬೇಡಿ, ಜಾಗ ನೋಡಿ ಬಳಸಿ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಮ್ಮ ಮಕ್ಕಳು ಹೆಚ್ಚು ನೋಯುವುದು ಇಲ್ಲೇ.

ಬೆಂಗಳೂರಿನ ಕಂಪನಿಗೆ ಸೇರಿದ ಮೊದಲ ವಾರದಲ್ಲೇ ಯಾರೋ ನಕ್ಕಿರುತ್ತಾರೆ. ‘ಏನ್ರೀ ನಿಮ್ ಭಾಷೆ’ ಅಂದಿರುತ್ತಾರೆ. ಅಲ್ಲಿಂದ ಆ ಹುಡುಗಿ ಮೀಟಿಂಗ್‌ನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸುತ್ತಾಳೆ. ಕೆಲಸ ಚೆನ್ನಾಗಿ ಬರುತ್ತಿದ್ದರೂ ಅದು ಯಾರಿಗೂ ಗೊತ್ತಾಗುವುದಿಲ್ಲ. ನಾನು ಅಂಥವರಿಗೆ ಮೊದಲು ಹೇಳುವುದು ಇದು: ನಿಮ್ಮ ಮಾತು ತಪ್ಪಲ್ಲ. ಬಾಗಲಕೋಟೆಯ ಕನ್ನಡವೂ ಕನ್ನಡ, ಮೈಸೂರಿನ ಕನ್ನಡವೂ ಕನ್ನಡ. ಆದರೆ ಕೆಲವು ಶಬ್ದ ಅಲ್ಲಿಯವರಿಗೆ ಬೇರೆ ಥರ ಕೇಳಿಸುತ್ತವೆ. ಅವನ್ನು ಗುರುತಿಟ್ಟುಕೊಂಡರೆ ಉಳಿದ ಮಾತನ್ನು ಧೈರ್ಯವಾಗಿ ಆಡಬಹುದು.

‘ರಿ’ಯಿಂದಲೇ ಶುರು ಮಾಡೋಣ. ನಮಗೆ ಮಾತಿನ ಕೊನೆಯ ‘ರಿ’ ಮರ್ಯಾದೆ. ‘ಬರ್ರಿ’, ‘ಹೌದ್ರಿ’, ‘ಕುಂದರ್ರಿ’. ದಕ್ಷಿಣದ ಕಡೆ ಮಾತಿನ ಮೊದಲಿಗೆ ‘ರೀ, ಇಲ್ಲಿ ನೋಡಿ’ ಎಂದರೆ ಗದರಿಸಿದ ಹಾಗೆ ಕೇಳಿಸುವುದುಂಟು. ಅಲ್ಲಿ ‘ಸರ್’, ‘ಮೇಡಂ’ ಎಂದು ಕರೆದು ಶುರು ಮಾಡಿ. ಕೊನೆಯ ‘ರಿ’ ಇರಲಿ, ಯಾರಿಗೂ ತೊಂದರೆ ಇಲ್ಲ.

ಎರಡನೆಯದು ‘ಅಂವ’, ‘ಅಕಿ’. ಮನೆಯಲ್ಲಿ ಅಕ್ಕನಿಗೂ ‘ಅಕಿ’, ಸ್ನೇಹಿತನಿಗೂ ‘ಅಂವ’. ಆಫೀಸಿನಲ್ಲಿ ಎದುರಿಗಿಲ್ಲದ ಸಹೋದ್ಯೋಗಿಯ ಬಗ್ಗೆ, ವಯಸ್ಸಿನಲ್ಲಿ ಚಿಕ್ಕವರಾದರೂ, ‘ಅವರು’ ಅನ್ನಿ. ಇದು ಬೆಂಗಳೂರಿಗೆ ಮಾತ್ರವಲ್ಲ, ಬೆಳಗಾವಿಯ ಆಫೀಸಿಗೂ ಸರಿ.

ಮೂರನೆಯದು ಶಬ್ದಗಳು. ತಾಸು, ರೊಕ್ಕ, ಲಗೂನ, ಹೊಂಟೀನಿ ಇವೆಲ್ಲ ಊರಿನ ಫೋನಿಗೆ ಸರಿ. ಹೊರಗಿನ ಫೋನಿನಲ್ಲಿ ಗಂಟೆ, ಹಣ, ಬೇಗ, ಹೊರಟಿದ್ದೇನೆ. ‘ಅಡ್ಡಿಯಿಲ್ಲ’ ಎಂದರೆ ನಮಗೆ ‘ಪರವಾಗಿಲ್ಲ, ಸರಿ’ ಎಂದು. ಅಲ್ಲಿಯವರು ಯಾವ ಅಡ್ಡಿ ಎಂದು ಯೋಚನೆಗೆ ಬೀಳುತ್ತಾರೆ. ಒಂದು ನೋಟ್‌ಬುಕ್ಕಿನ ಹಾಳೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ನಮ್ಮ ಶಬ್ದ, ಇನ್ನೊಂದು ಕಡೆ ಅಲ್ಲಿಯ ಶಬ್ದ, ಹೀಗೆ 30 ಬರೆದುಕೊಳ್ಳಿ. ಯಾರಾದರೂ ‘ಏನು?’ ಎಂದು ತಿರುಗಿ ಕೇಳಿದಾಗಲೆಲ್ಲ ಆ ಶಬ್ದವನ್ನು ಪಟ್ಟಿಗೆ ಸೇರಿಸಿ.

ನಾಲ್ಕನೆಯದು ದನಿ. ನಾವು ಸ್ವಲ್ಪ ಜೋರು. ಹೊಲದಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡಿದ ಮನೆತನಗಳಿಂದ ಬಂದವರು. ಮುಚ್ಚಿದ ಕೋಣೆಯಲ್ಲಿ ಅದೇ ದನಿ ಜಗಳದಂತೆ ಕೇಳಿಸುತ್ತದೆ. ಪಿಸುಗುಡಬೇಕಿಲ್ಲ. ಪಕ್ಕದ ಮೇಜಿನವರು ತಲೆ ಎತ್ತಿ ನೋಡದಷ್ಟು ಸಾಕು.

ಬೆಳಗಾವಿಯವರಿಗೆ ಇನ್ನೊಂದು ಮಾತು. ಖಡೇಬಜಾರದ ಬಟ್ಟೆ ಅಂಗಡಿಯಲ್ಲಿ ಅರ್ಧ ತಾಸು ನಿಂತು ನೋಡಿ. ಅಂಗಡಿಯವರು ಒಬ್ಬ ಗಿರಾಕಿಗೆ ಕನ್ನಡ, ಇನ್ನೊಬ್ಬರಿಗೆ ಮರಾಠಿ, ಮೂರನೆಯವರಿಗೆ ಹಿಂದಿ, ಒಂದೇ ಉಸಿರಿನಲ್ಲಿ. ವ್ಯಾಕರಣ ಅಲ್ಲಲ್ಲಿ ತಪ್ಪುತ್ತದೆ, ಬೆಲೆ ಮಾತ್ರ ಒಮ್ಮೆಯೂ ತಪ್ಪುವುದಿಲ್ಲ. ವಿಜಯಪುರದ ಬಜಾರಿನಲ್ಲಿ ಕನ್ನಡದ ಜೊತೆ ದಖನಿ ಉರ್ದು ಹೀಗೇ ಓಡಾಡುತ್ತದೆ. ಇಷ್ಟು ಭಾಷೆ ಕೇಳುತ್ತ ಬೆಳೆದ ಕಿವಿ ನಿಮಗೆ ಬಿಟ್ಟಿ ಸಿಕ್ಕ ಬಂಡವಾಳ. ಗಿರಾಕಿಯ ಭಾಷೆಯಲ್ಲಿ ಎರಡು ಮಾತು ಆಡಲು ನಾಚಿಕೊಳ್ಳಬೇಡಿ.

ಹೆಜ್ಜೆ 4: ದಿನಕ್ಕೆ 20 ನಿಮಿಷ, ಫೋನಿನ ಮುಂದೆ

ಮೊದಲ 10 ನಿಮಿಷ ಕನ್ನಡ ಪೇಪರ್ ಜೋರಾಗಿ ಓದಿ. ಅಲ್ಪವಿರಾಮಕ್ಕೆ ಸಣ್ಣ ಉಸಿರು, ಪೂರ್ಣವಿರಾಮಕ್ಕೆ ಪೂರ್ತಿ ಉಸಿರು. ಸಂಪಾದಕೀಯ ಬೇಡ, ಜಿಲ್ಲಾ ಸುದ್ದಿ ಸಾಕು. ಕೃಷ್ಣೆಗೆ ನೀರು ಎಷ್ಟು ಬಂತು, ಕಬ್ಬಿನ ದರ ಎಷ್ಟಾಯ್ತು, ಇಂಥದ್ದು.

ನಂತರ ಪೇಪರ್ ಮಡಚಿಟ್ಟು ಅದೇ ಸುದ್ದಿಯನ್ನು 2 ನಿಮಿಷದಲ್ಲಿ ಸ್ವಂತ ಮಾತಿನಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳಿ. ತಮ್ಮ ದನಿ ತಮಗೇ ಹಿಡಿಸುವುದಿಲ್ಲ, ಎಲ್ಲರಿಗೂ ಹಾಗೇ. ಮೂರು ದಿನದಲ್ಲಿ ಅಭ್ಯಾಸವಾಗುತ್ತದೆ. ಕೇಳುವಾಗ ಒಂದು ಹಾಳೆಯಲ್ಲಿ ಗೀರು ಹಾಕಿ: ‘ಅಂದ್ರ’ ಎಷ್ಟು ಸಲ, ‘ಅದಾ’ ಎಷ್ಟು ಸಲ, ‘ಏನಂತಾರ ಅದಕ್ಕ’ ಎಷ್ಟು ಸಲ. ಈ ಶಬ್ದಗಳನ್ನು ಕಿತ್ತುಹಾಕಲು ಹೋರಾಡಬೇಡಿ. ಅವು ಬರುವ ಜಾಗದಲ್ಲಿ ಸುಮ್ನೆ ಇರಿ. ಒಂದು ಕ್ಷಣದ ಮೌನ ಆಡುವವರಿಗೆ ದೊಡ್ಡದು, ಕೇಳುವವರಿಗೆ ಗೊತ್ತೂ ಆಗುವುದಿಲ್ಲ.

ರೆಕಾರ್ಡ್‌ಗಳನ್ನು ಅಳಿಸಬೇಡಿ, ತಾರೀಖು ಹಾಕಿ ಇಡಿ. ಎರಡನೇ ತಿಂಗಳು ಮೊದಲನೆಯದನ್ನು ಮತ್ತೆ ಕೇಳಬೇಕು.

ಹೆಜ್ಜೆ 5: ‘ನಿಮ್ಮ ಬಗ್ಗೆ ಹೇಳಿ’

ಇಂಟರ್‌ವ್ಯೂನ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ಇದಕ್ಕೆ ನಮ್ಮ ಹುಡುಗರು ಕೊಡುವ ಉತ್ತರ ನನಗೆ ಬಾಯಿಪಾಠ ಆಗಿದೆ. ಹೆಸರು, ತಂದೆಯ ಹೆಸರು, ತಂದೆ ಕೃಷಿಕ, ತಾಯಿ ಗೃಹಿಣಿ, ಒಬ್ಬ ಅಣ್ಣ, ಒಬ್ಬ ತಂಗಿ, ಹವ್ಯಾಸ ಕ್ರಿಕೆಟ್, ಬಲ ಕಠಿಣ ಪರಿಶ್ರಮ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎದುರಿಗೆ ಕೂತವರು ಅಂದು ಅದನ್ನು ಹತ್ತಾರು ಬಾರಿ ಕೇಳಿರುತ್ತಾರೆ.

ಮುಧೋಳ ಕಡೆಯ ಒಬ್ಬ ಡಿಪ್ಲೊಮಾ ಹುಡುಗ ಇದನ್ನೇ ಒಪ್ಪಿಸಿದ. ನಾನು, ‘ತಮ್ಮಾ, ಕಾಲೇಜಿನ್ಯಾಗ ಕೈಯಾರೆ ಏನ ಮಾಡಿದಿ?’ ಎಂದು ಕೇಳಿದೆ. ಅವನ ಮುಖವೇ ಬದಲಾಯಿತು. ಕಬ್ಬಿನ ಕಣ್ಣು (ಮೊಳಕೆ ಒಡೆಯುವ ಜಾಗ) ಕತ್ತರಿಸುವ ಸಣ್ಣ ಯಂತ್ರದ ಕಥೆ ಹೇಳಿದ. ಅದನ್ನೇ ಇಬ್ಬರೂ ಕೂತು ಹೀಗೆ ಜೋಡಿಸಿದೆವು:

‘ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಕೊನೆಯ ವರ್ಷ ನಾವು ನಾಲ್ವರು ಸೇರಿ ಕಬ್ಬಿನ ಕಣ್ಣು ಕತ್ತರಿಸುವ ಯಂತ್ರ ಮಾಡಿದೆವು. ಬ್ಲೇಡಿನ ಕೆಲಸ ನನ್ನದು. ಮೊದಲ ಬ್ಲೇಡಿನಲ್ಲಿ ಕಣ್ಣು ಸೀಳುತ್ತಿತ್ತು. ಅಂಚಿನ ಕೋನ ಬದಲಿಸಿ ಮೂರನೇ ಬಾರಿಗೆ ಸರಿ ಮಾಡಿದೆ. ನಮ್ಮ ಹೊಲದಲ್ಲೇ ಪರೀಕ್ಷೆ ಮಾಡಿದೆವು. ನಿಮ್ಮಲ್ಲಿ ಟೂಲ್ ರೂಮ್ ಕೆಲಸ ಇದೆ ಎಂದು ತಿಳಿದು ಅರ್ಜಿ ಹಾಕಿದ್ದೇನೆ.’

ಈಗ ಉತ್ತರದಲ್ಲಿ ಇರುವುದು ಇಷ್ಟು: ಏನು ಓದಿದ್ದೇನೆ, ಕೈಯಾರೆ ಮಾಡಿದ ಒಂದು ಕೆಲಸ, ಅದರಲ್ಲಿ ಎಲ್ಲಿ ಎಡವಿದೆ, ಹೇಗೆ ಎದ್ದೆ, ಇಲ್ಲಿಗೆ ಏಕೆ ಬಂದೆ. ಒಂದು ನಿಮಿಷ ಕೂಡ ಆಗುವುದಿಲ್ಲ. ಮುಂದಿನ ಪ್ರಶ್ನೆ ಬ್ಲೇಡಿನ ಬಗ್ಗೆಯೇ ಬರುತ್ತದೆ, ಅದು ಅವನಿಗೆ ಚೆನ್ನಾಗಿ ಗೊತ್ತಿರುವ ವಿಷಯ. ತಂದೆ ಕೃಷಿಕ ಎನ್ನುವುದೂ ‘ನಮ್ಮ ಹೊಲ’ದಲ್ಲಿ ತಾನಾಗಿ ಬಂದುಬಿಟ್ಟಿತು, ನೋಡಿದಿರಾ?

ಗೊತ್ತಿಲ್ಲದ ಪ್ರಶ್ನೆ ಬಂದರೆ, ‘ಇದು ನನಗೆ ಗೊತ್ತಿಲ್ಲ ಸರ್. ಇದರ ಹತ್ತಿರದ್ದು ಇಷ್ಟು ಗೊತ್ತಿದೆ’ ಎಂದು ಹೇಳಿ ನಿಲ್ಲಿಸಿ.

ಹೆಜ್ಜೆ 6: ಇಂಗ್ಲಿಷಿಗೆ ಈಗ ಬನ್ನಿ

ಬೆಳಗಾವಿಯ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿ ಓದುವ ಎಂಜಿನಿಯರಿಂಗ್ ಮಕ್ಕಳಿಗೆ ಮೊದಲ ವರ್ಷದಲ್ಲೇ ಇಂಗ್ಲಿಷ್ ಸಂವಹನದ ಪಾಠ ಇದೆ. ಹೊರಗಿನಿಂದ ಬಂದ, ಕನ್ನಡ ಬಾರದವರಿಗೆ ‘ಬಳಕೆ ಕನ್ನಡ’ ಎಂಬ ಪಾಠವೂ ಇದೆ. ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕವನ್ನು ಹಳೇ ಪೇಪರಿನ ಜೊತೆ ತೂಕಕ್ಕೆ ಹಾಕಬೇಡಿ. ಇಂಟರ್‌ವ್ಯೂ ಹೊತ್ತಿಗೆ ಬೇಕಾಗುತ್ತದೆ.

ನಮ್ಮವರು ಇಂಗ್ಲಿಷಿನಲ್ಲಿ ತಡವರಿಸಲು ಒಂದು ಗಟ್ಟಿ ಕಾರಣ ಇದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಯಾರು ಎಂದ ಕೂಡಲೇ ಏನು ಮಾಡಿದರು ಎಂದು ಹೇಳಬೇಕು. ‘ನಿನ್ನೆ ಲಾರಿ ತಡವಾಗಿ ಬಂದದ್ದರಿಂದ ಮಾಲನ್ನು ನಾವು ಇವತ್ತು ಮುಂಜಾನೆ ಕಳಿಸಿದೆವು’ ಎನ್ನುವ ವಾಕ್ಯವನ್ನು ಮೊದಲಿನಿಂದ ಹಾಗೇ ಇಂಗ್ಲಿಷಿಗೆ ತರಲು ಹೋದರೆ ‘ಯೆಸ್ಟರ್‌ಡೇ ಲಾರಿ...’ ಎಂಬಲ್ಲೇ ಸಿಕ್ಕಿಬೀಳುತ್ತೀರಿ. ಅದನ್ನು ಎರಡು ತುಂಡು ಮಾಡಿ. ಪ್ರತಿ ತುಂಡಿನಲ್ಲೂ ಮೊದಲು ಯಾರು, ಕೂಡಲೇ ಏನು ಮಾಡಿದರು. ‘ವಿ ಸೆಂಟ್ ದ ಮಟೀರಿಯಲ್ ದಿಸ್ ಮಾರ್ನಿಂಗ್. ದ ಲಾರಿ ಕೇಮ್ ಲೇಟ್ ಯೆಸ್ಟರ್‌ಡೇ.’ ಇಷ್ಟೇ. ದಿನಕ್ಕೆ 5 ಕನ್ನಡ ವಾಕ್ಯ ಹೀಗೆ ಒಡೆದರೆ ಒಂದು ತಿಂಗಳಲ್ಲಿ ನಾಲಿಗೆ ತಾನಾಗಿ ಆ ದಾರಿ ಹಿಡಿಯುತ್ತದೆ.

ಉಚ್ಚಾರದಲ್ಲಿ ಎರಡೇ ಕಡೆ ಗಮನ ಕೊಡಿ. ‘ಎ’, ‘ಒ’ಗಳಿಂದ ಶುರುವಾಗುವ ಶಬ್ದಕ್ಕೆ ನಾವು ತಿಳಿಯದೇ ‘ಯ’, ‘ವ’ ಸೇರಿಸುತ್ತೇವೆ: ‘ಯೆವ್ರಿ’, ‘ವೋನ್ಲಿ’. ಶಬ್ದದ ಕೊನೆಗೆ ‘ಉ’ ಅಂಟಿಸುತ್ತೇವೆ: ‘ಬಸ್ಸು’, ‘ಟೆಸ್ಟು’. ಕನ್ನಡದಲ್ಲಿ ಇದು ಸಹಜ, ಇಂಗ್ಲಿಷ್ ಆಡುವಾಗ ಬಿಡಿ. ಉಳಿದಂತೆ ಟಿವಿಯ ಪರದೇಶಿ ದನಿಯನ್ನು ಅನುಕರಣೆ ಮಾಡುವುದು ಬೇಡ. ನಿಧಾನವಾಗಿ ಆಡಿದರೆ ನಮ್ಮ ದನಿಯ ಇಂಗ್ಲಿಷ್ ಯಾರಿಗಾದರೂ ತಿಳಿಯುತ್ತದೆ.

‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಡ. ‘ರಿಟರ್ನ್’ ಆದ ಮೇಲೆ ‘ಬ್ಯಾಕ್’ ಬೇಡ. ಹೊರದೇಶದ ಗಿರಾಕಿಗೆ ‘ಐ ಹ್ಯಾವ್ ಎ ಡೌಟ್’ ಎಂದು ಬರೆಯಬೇಡಿ. ನಮಗೆ ಡೌಟ್ ಅಂದರೆ ಪ್ರಶ್ನೆ, ಅವರಿಗೆ ಅದು ಅನುಮಾನ. ‘ಕ್ವೆಶ್ಚನ್’ ಅನ್ನಿ.

ಹೆಜ್ಜೆ 7: ಅರ್ಜಿ ಬರೆಯುವುದು

1963ರ ರಾಜಭಾಷಾ ಕಾನೂನಿನ ಪ್ರಕಾರ ನಮ್ಮ ರಾಜ್ಯದ ಆಡಳಿತ ಭಾಷೆ ಕನ್ನಡ. ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಲು ಯಾರೂ ಹಿಂಜರಿಯಬೇಕಿಲ್ಲ. ತೊಂದರೆ ಇರುವುದು ನಾವು ಕಲಿತ ಅರ್ಜಿಯ ಧಾಟಿಯಲ್ಲಿ. ‘ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಪಟ್ಟಂತೆ ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿದರೆ ಒಂದೂವರೆ ಸಾಲು ಮುಗಿದರೂ ಏನು ಬೇಕು ಎಂದು ಬಂದಿರುವುದಿಲ್ಲ. ವಿನಯಕ್ಕೆ ‘ಮಾನ್ಯರೇ’ ಮತ್ತು ‘ಕೋರುತ್ತೇನೆ’ ಸಾಕು.

ಹಳೆಯ ಕಾರ್ಖಾನೆಯಿಂದ ಅನುಭವ ಪ್ರಮಾಣಪತ್ರ ಬೇಕು ಎಂದುಕೊಳ್ಳಿ. ಹೀಗೆ ಬರೆಯಿರಿ:

‘ವಿಷಯ: ಅನುಭವ ಪ್ರಮಾಣಪತ್ರ ಕೋರಿ.

ಮಾನ್ಯರೇ, ನಾನು ತಮ್ಮ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ 2021ರ ಜೂನ್ 1ರಿಂದ 2024ರ ಮೇ 31ರವರೆಗೆ ಸಹಾಯಕನಾಗಿ ಕೆಲಸ ಮಾಡಿದ್ದೇನೆ. ಹೊಸ ಕೆಲಸಕ್ಕೆ ಸೇರಲು ಅನುಭವ ಪ್ರಮಾಣಪತ್ರ ಬೇಕಾಗಿದೆ. ಜುಲೈ 15ರೊಳಗೆ ಕೊಡಬೇಕೆಂದು ಕೋರುತ್ತೇನೆ. ನೇಮಕಾತಿ ಪತ್ರ ಮತ್ತು ಕೊನೆಯ ಸಂಬಳದ ಚೀಟಿಯ ಪ್ರತಿ ಲಗತ್ತಿಸಿದ್ದೇನೆ.’

ಕೆಳಗೆ ಸಹಿ, ತಾರೀಖು, ಫೋನ್ ನಂಬರ್. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಅರ್ಜಿಯ ನೆನಪಾಗುತ್ತದೆ. ಕಲ್ಲು ಕಡಿಯುವವನಿಗೆ ಪ್ರತಿ ಅಕ್ಷರವೂ ಉಳಿ ಸುತ್ತಿಗೆಯ ಕೆಲಸ. ಒಬ್ಬ ಮನುಷ್ಯ ಎಂಥವನು ಎಂಬುದನ್ನು ಕೆಲವೇ ಸಾಲುಗಳಲ್ಲಿ, ಅದರಲ್ಲೂ ತ್ರಿಪದಿಯಲ್ಲಿ, ಹೇಳಿ ಮುಗಿಸಿದ್ದಾರೆ. ಬರೆದಾದ ಮೇಲೆ ನಿಮ್ಮ ಅರ್ಜಿಯ ಪ್ರತಿ ಶಬ್ದವನ್ನೂ ಕಲ್ಲಿನಲ್ಲಿ ಕಡಿಯಬೇಕು ಎಂದುಕೊಂಡು ಓದಿ. ಎಷ್ಟು ಉದುರುತ್ತವೆ ನೋಡಿ.

ಕಾಗುಣಿತ ನೋಡಿಕೊಳ್ಳಿ. ಶುಭಾಶಯ (ಶುಭಾಷಯ ಅಲ್ಲ), ಹಾರ್ದಿಕ (ಹಾರ್ಧಿಕ ಅಲ್ಲ), ಉದ್ಘಾಟನೆ (ಉಧ್ಘಾಟನೆ ಅಲ್ಲ), ಧನ್ಯವಾದ (ದನ್ಯವಾದ ಅಲ್ಲ). ಬ್ಯಾನರ್‌ಗಳಲ್ಲಿ ತಪ್ಪಾಗಿ ಕಂಡು ಕಂಡು ನಮ್ಮ ಕಣ್ಣು ತಪ್ಪನ್ನೇ ಸರಿ ಎಂದುಕೊಂಡಿದೆ.

ಸರ್ಕಾರಿ ಕಚೇರಿಯಲ್ಲಿ ‘ಸಕಾಲ’ದ (ನಿಗದಿತ ದಿನದೊಳಗೆ ಸೇವೆ ಕೊಡುವ ರಾಜ್ಯದ ವ್ಯವಸ್ಥೆ) ಅಡಿ ಅರ್ಜಿ ಕೊಟ್ಟರೆ ಸ್ವೀಕೃತಿ ಚೀಟಿ ಕೊಡುತ್ತಾರೆ. ಆ ಸಂಖ್ಯೆಯನ್ನು ಫೋಟೊ ತೆಗೆದಿಡಿ. ಮುಂದಿನ ಪತ್ರದ ‘ಉಲ್ಲೇಖ’ದಲ್ಲಿ ಅದನ್ನು ಬರೆದರೆ ನಿಮ್ಮ ಕಡತ ಹುಡುಕುವುದು ಅವರಿಗೂ ಸುಲಭ.

ಹೆಜ್ಜೆ 8: ವಾಟ್ಸಾಪ್ ಮತ್ತು ಈಮೇಲ್

‘ಸರ್’ ಎಂದು ಒಂದು ಮೆಸೇಜ್ ಹಾಕಿ ಉತ್ತರಕ್ಕೆ ಕಾಯಬೇಡಿ. ನಮಸ್ಕಾರ, ನಿಮ್ಮ ಹೆಸರು, ಕೆಲಸ, ಬೇಕಾದದ್ದು, ಯಾವಾಗ, ಎಲ್ಲವೂ ಒಂದೇ ಮೆಸೇಜಿನಲ್ಲಿ ಇರಲಿ. ವಾಯ್ಸ್ ಮೆಸೇಜ್ ಆದರೆ ‘ಕಳಿಸಬಹುದೇ?’ ಎಂದು ಮೊದಲು ಕೇಳಿ, ಯಾಕೆಂದರೆ ಮೀಟಿಂಗ್‌ನಲ್ಲಿ ಕೂತವರು ಅದನ್ನು ತೆರೆಯಲಾರರು. ದರ, ಅಳತೆ, ವಿಳಾಸ, ತಾರೀಖು ಇವನ್ನು ಯಾವತ್ತೂ ಟೈಪ್ ಮಾಡಿಯೇ ಕಳಿಸಿ. ಫೋನಿನಲ್ಲಿ ಮಾತಾಗಿದ್ದರೂ ಆಮೇಲೆ ಒಂದು ಸಾಲು ಬರೆಯಿರಿ: ‘ಈಗ ಮಾತಾಡಿದಂತೆ, 40 ಪೆಟ್ಟಿಗೆ, ಶುಕ್ರವಾರ, ಸಂಜೆ 5ರೊಳಗೆ.’ ನನ್ನ ‘ಆತ್ರಿ’ ಪ್ರಸಂಗದ ನಂತರ ನಾನು ಒಂದು ದಿನವೂ ಇದನ್ನು ತಪ್ಪಿಸಿಲ್ಲ.

ಈಮೇಲಿನ ವಿಷಯದ ಜಾಗದಲ್ಲಿ ‘ರೆಸ್ಯೂಮೆ’ ಎಂದಷ್ಟೇ ಹಾಕಿದರೆ ಅಂಥ ನೂರು ಇರುತ್ತವೆ. ಯಾವ ಹುದ್ದೆ, ನಿಮ್ಮ ಹೆಸರು, ಊರು ಹಾಕಿ. ಫೈಲಿಗೂ ನಿಮ್ಮ ಹೆಸರೇ ಇಡಿ. ಕನ್ನಡದ ಪತ್ರವಾದರೆ ಯುನಿಕೋಡ್‌ನಲ್ಲಿ (ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಥರ ಕಾಣುವ ಅಕ್ಷರ ವ್ಯವಸ್ಥೆ) ಟೈಪ್ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ ಕಳಿಸಿ. ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿಸಿದ್ದನ್ನು ಹಾಗೇ ಕಳಿಸಿದರೆ ಆ ಕಡೆಯವರ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ.

ಹೆಜ್ಜೆ 9: ಮಾರುವವರ ಬರವಣಿಗೆ

ನೌಕರಿ ಮಾಡುವವರಿಗೆ ಮಾತ್ರ ಇದೆಲ್ಲ ಎಂದುಕೊಳ್ಳಬೇಡಿ. ಇಳಕಲ್ಲಿನ ನೇಕಾರರ ಮನೆಯ ಮಕ್ಕಳು ಈಗ ಫೋನಿನಲ್ಲೇ ಸೀರೆ ಮಾರುತ್ತಾರೆ. ಫೋಟೊ ಕೆಳಗೆ ‘ಸೂಪರ್ ಕ್ವಾಲಿಟಿ, ಬೆಸ್ಟ್ ರೇಟ್’ ಎಂದು ಬರೆದಿರುತ್ತಾರೆ. ಅದು ಯಾವ ಸೀರೆಗಾದರೂ ಹೊಂದುತ್ತದೆ. ಕೊಳ್ಳುವವರಿಗೆ ಬೇಕಾದದ್ದು ಬೇರೆ: ಒಡಲು ಹತ್ತಿಯೋ ರೇಷ್ಮೆಯೋ? ಸೆರಗು ‘ಟೋಪಿ ತೆನಿ’ ವಿನ್ಯಾಸದ್ದೋ? ದಡಿಯ (ಅಂಚಿನ) ವಿನ್ಯಾಸ ‘ಗೋಮಿ’ಯೋ ‘ಚಿಕ್ಕಿ’ಯೋ? ಎಷ್ಟು ಗಜ? ಬಣ್ಣ ಬಿಡುತ್ತದೆಯೇ, ಮೊದಲ ಸಲ ಹೇಗೆ ಒಗೆಯಬೇಕು? ಕೈಮಗ್ಗವೋ ಪವರ್‌ಲೂಮೋ? ಸೆರಗಿನ ಹಾಸಿನ (ಉದ್ದನೆಯ) ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಕೆಲಸ ಇಳಕಲ್ ಸೀರೆಯ ವಿಶೇಷ. ಮನೆಯವರಿಗೆ ಅದು ದಿನದ ಕೆಲಸ ಆದ್ದರಿಂದ ಬರೆಯಬೇಕು ಅಂತಲೇ ಅನಿಸುವುದಿಲ್ಲ. ಬೇರೆಯವರ ಹತ್ತಿರ ಇಲ್ಲದ್ದು ಅದೇ. ಅದನ್ನೇ ಮೊದಲ ಸಾಲಿನಲ್ಲಿ ಬರೆಯಿರಿ. ತಿಕೋಟಾ ಕಡೆಯ ಒಣದ್ರಾಕ್ಷಿಗೂ, ಗೋಕಾಕದ ಕರದಂಟಿಗೂ ಹೀಗೇ.

ಹೆಜ್ಜೆ 10: ನಾಲ್ಕು ಜನರ ಮುಂದೆ ನಿಂತಾಗ

ಒಮ್ಮೆ ಏಳು ಹುಡುಗರನ್ನು ಕರೆದುಕೊಂಡು ಮುಂಜಾನೆ ಬೇಗ ವಿಜಯಪುರದ ಗೋಲಗುಮ್ಮಟಕ್ಕೆ ಹೋಗಿದ್ದೆ. ಮೇಲೆ ಹತ್ತಿ, ಗುಮ್ಮಟದ ಒಳಗಿನ ಗ್ಯಾಲರಿಯಲ್ಲಿ ಒಬ್ಬೊಬ್ಬರಿಗೂ ತಮ್ಮ ಹೆಸರು, ಊರು, ಕೆಲಸ ಹೇಳಲು ಹೇಳಿದೆ. ಅಲ್ಲಿ ಒಂದು ಸದ್ದು ಮಾಡಿದರೆ ಅದು ಮತ್ತೆ ಮತ್ತೆ ಮರಳಿ ಬರುತ್ತದೆ. ಮೊದಲ ಹುಡುಗ ಗಡಿಬಿಡಿಯಲ್ಲಿ ಮೂರೂ ವಾಕ್ಯ ಒಟ್ಟಿಗೆ ಹೇಳಿದ. ಅವನ ಮೊದಲ ಮಾತೇ ಎರಡನೆಯದಕ್ಕೆ ಡಿಕ್ಕಿ ಹೊಡೆದು ಏನೂ ತಿಳಿಯಲಿಲ್ಲ. ಮೂರನೆಯವನ ಸರದಿಯ ಹೊತ್ತಿಗೆ ಹುಡುಗರು ತಾವಾಗಿ ಉಪಾಯ ಕಂಡುಕೊಂಡರು. ಒಂದು ವಾಕ್ಯ ಹೇಳಿ, ಸದ್ದು ಇಳಿಯುವವರೆಗೆ ಕಾದು, ಮುಂದಿನದು. ಗೋಡೆಗೆ ಬಾಯಿ ಹತ್ತಿರ ಮಾಡಿ ಮೆಲ್ಲಗೆ ಆಡಿದ್ದು ಆಚೆ ಬದಿಗೆ ಸ್ಪಷ್ಟವಾಗಿ ಕೇಳಿಸಿತು. ಹತ್ತು ಗಂಟೆಗೆ ಪ್ರವಾಸದ ಬಸ್ಸುಗಳು ಬಂದವು, ಎಲ್ಲರೂ ಕೂಗತೊಡಗಿದರು, ನಾವು ಇಳಿದು ಬಂದೆವು.

ಸಭೆಯಲ್ಲಿ ಮಾತಾಡುವಾಗ ಆ ಗ್ಯಾಲರಿಯನ್ನು ನೆನಪಿಸಿಕೊಳ್ಳಿ. ಬರೆದದ್ದನ್ನು ಪೂರ್ತಿ ಓದಬೇಡಿ. ಒಂದು ಚೀಟಿಯಲ್ಲಿ ನಾಲ್ಕು ಶಬ್ದ ಬರೆದುಕೊಳ್ಳಿ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಪಾಠ ಮಾಡಿ. ಕೈ ನಡುಗಿದರೆ ಹಾಳೆಯ ಬದಲು ಗಟ್ಟಿ ರಟ್ಟು ಹಿಡಿಯಿರಿ, ನಡುಕ ಕಾಣುವುದಿಲ್ಲ. ವೇದಿಕೆಯ ಮೇಲಿನ ಎಲ್ಲರ ಹೆಸರು ಹೇಳುವ ಪದ್ಧತಿ ನಮ್ಮ ಕಡೆ ಇದೆ. ಹೇಳಿ, ಆದರೆ ಹೆಸರುಗಳನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಒಬ್ಬರ ಹೆಸರು ತಪ್ಪಿದರೆ ನಿಮ್ಮ ಉಳಿದ ಮಾತು ಅವರಿಗೆ ಕೇಳಿಸುವುದಿಲ್ಲ.

ಹೆಜ್ಜೆ 11: ತಿದ್ದುವವರನ್ನು ಹುಡುಕಿ

ಒಬ್ಬರೇ ಕಲಿತರೆ ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ಇಬ್ಬರು ಬೇಕು. ಒಬ್ಬರು ನಿಮ್ಮ ಕೆಲಸ ಗೊತ್ತಿರುವವರು, ಒಬ್ಬರು ಏನೂ ಗೊತ್ತಿಲ್ಲದವರು. ನನಗೆ ಎರಡನೆಯವರು ನನ್ನ ಅವ್ವ. ಮ್ಯಾನೇಜರ್‌ಗೆ ಕಳಿಸಬೇಕಾದ ವರದಿಯನ್ನು ರಾತ್ರಿ ಅವಳಿಗೆ ಓದಿ ಹೇಳುತ್ತಿದ್ದೆ. ಕಾಸ್ಟಿಂಗ್, ರಿಜೆಕ್ಷನ್ ಅವಳಿಗೆ ತಿಳಿಯುತ್ತಿರಲಿಲ್ಲ, ಆದರೆ ‘ಈಗ ಅವರು ಏನ ಮಾಡಬೇಕಂತ?’ ಎಂದು ಕೇಳುತ್ತಿದ್ದಳು. ಅವಳಿಗೆ ಆ ಪ್ರಶ್ನೆ ಬಂತು ಅಂದರೆ ವರದಿಯಲ್ಲಿ ಉತ್ತರ ಇಲ್ಲ ಎಂದೇ ಅರ್ಥ.

‘ಹೆಂಗಾತು?’ ಎಂದು ಕೇಳಬೇಡಿ. ‘ಚಲೋ ಆತು’ ಎಂದು ಎಲ್ಲರೂ ಹೇಳುತ್ತಾರೆ. ‘ನಾ ಹೇಳಿದ್ದರಾಗ ನಿಮಗ ಏನ ತಿಳೀತು, ತಿರುಗಿ ಹೇಳ್ರಿ’ ಎಂದು ಕೇಳಿ. ಅವರು ಹೇಳಿದ್ದಕ್ಕೂ ನೀವು ಹೇಳಬೇಕೆಂದಿದ್ದಕ್ಕೂ ಎಲ್ಲಿ ವ್ಯತ್ಯಾಸ ಬಂತೋ ಆ ವಾಕ್ಯದ ಕೆಳಗೆ ಗೆರೆ ಎಳೆದು, ಅದೊಂದನ್ನೇ ಮತ್ತೆ ಬರೆಯಿರಿ.